ನೋಡಿದ ಸಿನಿಮಾ, ಸೀರೀಸ್ ಕಥೆ ಒಂದೂ ತಲೇಲಿ ಉಳಿಯಲ್ಲ, ನಿಮ್ಗೂ ಹಿಂಗಾಗುತ್ತಾ?

ಸಂಜೆಮೋಡ

ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ಕೇಳ್ಬೇಕು ಅಂದ್ಕೊಂಡಿದ್ದೆ, ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಂಗೆ ನೋಡಿದ ಸಿನಿಮಾಗಳ ಕಥೆ ನೆನಪಿರಲ್ಲ. ಅಲ್ಲೊಂದು ಇಲ್ಲೊಂದು ಸೀನ್ ಮರೆಯೋದು ಅಂತಲ್ಲ, ಇಡೀ ಕಥೆನೇ ಹೋಗ್ಬಿಡುತ್ತೆ. ಎರಡು ತಿಂಗಳ ಹಿಂದೆ ಒಂದು ಕೊಲೆ ಕೇಸಿನ ಸೀರೀಸ್ ನೋಡಿದ್ದೆ, ಎಂಟು ಎಪಿಸೋಡು, ಉಸಿರು ಬಿಗಿಹಿಡ್ಕೊಂಡು ನೋಡಿದ್ದು, ಕೊನೇದು ಮುಗಿದಾಗ ರಾತ್ರಿ ಎರಡು ಗಂಟೆ, ಆಮೇಲೂ ನಿದ್ದೆ ಹತ್ತಲಿಲ್ಲ ಅಷ್ಟು ಹಿಡಿಸಿತ್ತು. ಮೊನ್ನೆ ಆಫೀಸಲ್ಲಿ ಒಬ್ರು ಅದನ್ನೇ ನೋಡ್ತಿದೀನಿ ಅಂದ್ರು, ನಾನೂ ನೋಡಿದೀನಿ ಸಖತ್ತಾಗಿದೆ ಅಂದೆ. ನಾಲ್ಕು ದಿನ ಬಿಟ್ಟು ಅವರು ಮುಗಿಸ್ಕೊಂಡು ಬಂದು, ಕೊಲೆ ಮಾಡಿದ್ಯಾರು ಅಂತ ನಿಮ್ಗೆ ಎಷ್ಟನೇ ಎಪಿಸೋಡಲ್ಲಿ ಡೌಟ್ ಬಂತು ಅಂತ ಕೇಳಿದ್ರು. ನನ್ ತಲೆ ಪೂರ್ತಿ ಖಾಲಿ. ಕೊಲೆ ಮಾಡಿದ್ದು ಯಾರು ಅಂತಾನೇ ನಂಗೆ ಗೊತ್ತಿಲ್ಲ! ಎಂಟು ಗಂಟೆ ನೋಡಿದ್ರಲ್ಲಿ ನನ್ ಹತ್ರ ಉಳಿದಿರೋದು ಇಷ್ಟು: ತುಂಬಾ ಮಳೆ, ಹಳದಿ ಕೋಟು ಹಾಕ್ಕೊಂಡಿರೋ ಒಬ್ಬ ಹುಡುಗಿ, ಮೆಟ್ಟಿಲ ಮೇಲೆ ಕೂತು ಅಳೋ ಒಬ್ಬ ಮುದುಕ. ಅವನು ಯಾಕೆ ಅಳ್ತಿದ್ದ, ಆ ಹುಡುಗಿ ಬದುಕಿದ್ಲಾ ಸತ್ತಳಾ, ಏನೂ ಇಲ್ಲ. ಅವರು ನನ್ ಮುಖ ನೋಡಿ ನೀವು ನೋಡೇ ಇಲ್ಲ ಅಲ್ವಾ ಅಂದ್ರು. ನಂಗೆ ನಿಜವಾಗ್ಲೂ ಬೇಜಾರಾಯ್ತು.

ಇದು ಒಂದ್ಸಲದ್ದಲ್ಲ. ಹೋದ ತಿಂಗಳು ಗಂಡನ ಜೊತೆ ಒಂದು ಸಿನಿಮಾ ಹಾಕಿದ್ವಿ, ಮುಕ್ಕಾಲು ಗಂಟೆ ಆದ್ಮೇಲೆ ಅವರು, ಇದನ್ನ ನಾವು ಹೋದ ವರ್ಷ ನೋಡಿದೀವಿ, ಕೊನೇಲಿ ನೀನು ಅತ್ತಿದ್ದೆ ಅಂದ್ರು. ನಾನು ಇಲ್ವೇ ಇಲ್ಲ ಅಂತ ವಾದ ಮಾಡಿದೆ. ಆಮೇಲೆ ಆಸ್ಪತ್ರೆ ಕಾರಿಡಾರಲ್ಲಿ ಖಾಲಿ ಕುರ್ಚಿ ತೋರಿಸೋ ಒಂದು ಸೀನ್ ಬಂತು, ಆಗ ಹೌದು ನೋಡಿದೀನಿ ಅಂತ ಅನ್ನಿಸ್ತು, ಆದ್ರೆ ಮುಂದೇನಾಗುತ್ತೆ ಅಂತ ಆಗ್ಲೂ ಹೊಳೀಲಿಲ್ಲ. ಮತ್ತೆ ಅತ್ತೆ.

ನನ್ ತಮ್ಮ ಇದಾನೆ, ಹದಿನೈದು ವರ್ಷದ ಹಿಂದೆ ನೋಡಿದ್ದನ್ನ ಸೀನ್ ಬೈ ಸೀನ್ ಹೇಳ್ತಾನೆ, ಡೈಲಾಗ್ ಸಮೇತ. ಒಂದೇ ಮನೇಲಿ ಒಂದೇ ಟಿವಿ ಮುಂದೆ ಬೆಳೆದೋರು ನಾವು.

ಇನ್ನೊಂದು ವಿಚಿತ್ರ ಏನಂದ್ರೆ ಬೇರೆ ವಿಷಯದಲ್ಲಿ ನನ್ ನೆನಪು ಚೆನ್ನಾಗೇ ಇದೆ. ಫೋನ್ ನಂಬರು, ಹುಟ್ಟಿದಬ್ಬದ ತಾರೀಖು, ಆಫೀಸಲ್ಲಿ ಯಾವ ಫೈಲಲ್ಲಿ ಏನಿದೆ, ಹಾಡಿನ ಸಾಹಿತ್ಯ ಎಲ್ಲಾ ಬರುತ್ತೆ. ಕಥೆ ಮಾತ್ರ ನಿಲ್ಲಲ್ಲ. ಹೊಸ ಸೀಸನ್ ಬಂತು ಅಂದ್ರೆ ಎಲ್ರಿಗೂ ಖುಷಿ, ನಂಗೆ ಭಯ, ಯಾಕಂದ್ರೆ ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ದ್ವೇಷ ಒಂದೂ ಗೊತ್ತಿರಲ್ಲ. ನಂಗೀಗ 36 ವಯಸ್ಸು. ಇದು ಏನಾದ್ರೂ ಕಾಯಿಲೆ ಶುರುವಾಗ್ತಿರೋ ಲಕ್ಷಣನಾ? ನಿಮ್ಗೂ ಹಿಂಗಾಗುತ್ತಾ? ಹಿಂಗೆ ಎಲ್ಲಾ ಅಳಿಸಿ ಹೋಗೋದಾದ್ರೆ ನೋಡಿ ಏನು ಪ್ರಯೋಜನ ಅಂತ ಒಂದೊಂದ್ಸಲ ಅನ್ಸುತ್ತೆ, ಅದೇ ಜಾಸ್ತಿ ನೋವು.

ಹಳೇರೀಲು

ಅಯ್ಯೋ ನನ್ ಕಥೆನೇ ಯಾರೋ ಬರೆದಂಗಿದೆ. ನಂಗೂ ಸೇಮ್, ಕಾಲೇಜಲ್ಲಿದ್ದಾಗಿಂದ ಹಿಂಗೇ. ಈಗ 50 ದಾಟಿದೆ, ಇನ್ನೂ ಹಂಗೇ ಇದೀನಿ, ಜಾಸ್ತಿನೂ ಆಗಿಲ್ಲ ಕಮ್ಮಿನೂ ಆಗಿಲ್ಲ, ಕೆಲಸ ಸಂಸಾರ ಎಲ್ಲಾ ನಡೀತಿದೆ. ಕಾಯಿಲೆ ಅಂತ ಹೆದರ್ಬೇಡಿ ಅಂತ ಹೇಳೋಕಷ್ಟೇ ಬರೆದೆ. ವಿವರ ಗೊತ್ತಿರೋರು ಹೇಳಲಿ, ನಾನೂ ಕೇಳಿಸ್ಕೋತೀನಿ.

ಕಿಟಕಿಪಕ್ಕ

ಸಂಜೆಮೋಡ ಅವರೇ, ನಾನು ಸೈಕಾಲಜಿ ಪಾಠ ಮಾಡ್ತೀನಿ, ಡಾಕ್ಟರ್ ಅಲ್ಲ, ಹಾಗಾಗಿ ಕಾಯಿಲೆ ಹೌದೋ ಅಲ್ವೋ ಅಂತ ನಾನು ಹೇಳ್ಬಾರ್ದು. ಆದ್ರೆ ಮರೆವಿನ ಬಗ್ಗೆ ಸ್ವಲ್ಪ ಹೇಳ್ತೀನಿ.

1885ರಲ್ಲಿ ಹೆರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನಿಯ ವಿಜ್ಞಾನಿ ತನ್ನ ಮೇಲೆ ತಾನೇ ಮಾಡ್ಕೊಂಡ ಪ್ರಯೋಗಗಳನ್ನ ಪ್ರಕಟ ಮಾಡಿದ. ಅರ್ಥ ಇಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡೋದು, ಇಷ್ಟು ಹೊತ್ತು ಬಿಟ್ಟು ಎಷ್ಟು ಉಳಿದಿದೆ ಅಂತ ಅಳೆಯೋದು. ಒಂದು ಗಂಟೆ ಆಗೋದ್ರೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು, ಅದಾದ್ಮೇಲೆ ಮರೆಯೋ ವೇಗ ನಿಧಾನ ಆಗ್ತಾ ಹೋಯ್ತು. ಕಥೆ ಅರ್ಥ ಇಲ್ಲದ ಅಕ್ಷರ ಅಲ್ಲ, ಅದು ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತೆ, ಆದ್ರೆ ಮೊದಲು ಜೋರಾಗಿ ಇಳಿದು ಆಮೇಲೆ ನಿಧಾನ ಆಗೋ ಇಳಿಜಾರು ಅದಕ್ಕೂ ಇದೆ. ಆ ಮೊದಲ ಒಂದೆರಡು ದಿನದಲ್ಲಿ ನೀವು ಆ ಕಥೆನ ಒಂದ್ಸಲನೂ ಮುಟ್ಟಲಿಲ್ಲ ಅಂದ್ರೆ ಅದು ಜಾರಿ ಹೋಗೋದು ಸಹಜ. ಫೋನ್ ನಂಬರು, ಫೈಲು, ಹಾಡು ಇವೆಲ್ಲ ನೀವು ಪದೇ ಪದೇ ಬಳಸೋವು ನೋಡಿ, ಅದಕ್ಕೇ ನಿಂತಿವೆ. ಕೊಲೆಗಾರ ಯಾರು ಅಂತ ನಿಮ್ಗೆ ಒಂದೇ ಒಂದ್ಸಲ ಗೊತ್ತಾಗಿದ್ದು, ರಾತ್ರಿ ಎರಡು ಗಂಟೇಲಿ, ಆಮೇಲೆ ಅದು ನಿಮ್ಗೆ ಯಾತಕ್ಕೂ ಬೇಕಾಗಲಿಲ್ಲ.

ನಿಮ್ಮ ತಮ್ಮನ ವಿಷಯಕ್ಕೂ ಇದೇ ಅನ್ಸುತ್ತೆ. ಅವರು ಸಿನಿಮಾ ನೋಡಿ ಬಂದ್ಮೇಲೆ ಗೆಳೆಯರ ಹತ್ರ ಕೂತು ಅದನ್ನ ಹೇಳ್ತಿದ್ರಾ? ಡೈಲಾಗ್ ಹೊಡೀತಿದ್ರಾ? ಹಂಗೆ ಹೇಳಿದಾಗೆಲ್ಲ ಅವರು ಆ ಕಥೆನ ಮತ್ತೊಂದ್ಸಲ ನೋಡಿದಂಗೇ.

ಇನ್ನೊಂದು ವಿಷಯ. ನೀವು ಒಂದೇ ಸಮನೆ ಕೂತು ನೋಡ್ತೀರಾ? 2017ರಲ್ಲಿ ಮೆಲ್ಬರ್ನ್ ಯೂನಿವರ್ಸಿಟಿಯವರು ಒಂದು ಸ್ಟಡಿ ಮಾಡಿದ್ರು. ಆರು ಗಂಟೆಯ ಒಂದೇ ಸೀರೀಸನ್ನ ಒಂದು ಗುಂಪಿಗೆ ಒಂದೇ ದಿನ ಕೂರಿಸಿ ತೋರಿಸಿದ್ರು, ಇನ್ನೊಂದು ಗುಂಪಿಗೆ ದಿನಕ್ಕೊಂದು ಎಪಿಸೋಡು, ಮತ್ತೊಂದು ಗುಂಪಿಗೆ ವಾರಕ್ಕೊಂದು. ಮುಗಿದ ಮಾರನೇ ದಿನ ಪ್ರಶ್ನೆ ಕೇಳಿದಾಗ ಒಂದೇ ದಿನ ನೋಡಿದೋರೇ ಎಲ್ರಿಗಿಂತ ಚೆನ್ನಾಗಿ ಉತ್ತರ ಕೊಟ್ರು. ಆದ್ರೆ 140 ದಿನ ಬಿಟ್ಟು ಮತ್ತೆ ಕೇಳಿದಾಗ ನೆನಪು ಎಲ್ರಿಗಿಂತ ಜಾಸ್ತಿ ಇಳಿದಿದ್ದೂ ಅವರದ್ದೇ. ವಾರಕ್ಕೊಂದು ನೋಡಿದೋರದ್ದು ಅಷ್ಟು ಇಳಿದಿರಲಿಲ್ಲ. ಯಾಕಿರಬಹುದು ಅಂತ ಯೋಚನೆ ಮಾಡಿದ್ರೆ, ವಾರ ಪೂರ್ತಿ ಕಾಯ್ತಾ ಇರ್ತೀರಿ, ಮುಂದೇನಾಗುತ್ತೋ ಅಂತ ತಲೇಲಿ ತಿರುಗಿಸ್ತಾ ಇರ್ತೀರಿ, ಮುಂದಿನ ಕಂತು ಶುರುವಾದಾಗ ಹೋದ ವಾರ ಎಲ್ಲಿಗೆ ನಿಂತಿತ್ತು ಅಂತ ಎಳೆದು ತರ್ಬೇಕು, ಆ ಎಳೆದು ತರೋ ಕೆಲಸದಲ್ಲೇ ನೆನಪು ಗಟ್ಟಿ ಆಗೋದು. ಒಂದಾದ್ಮೇಲೊಂದು ತಾನೇ ಓಡ್ತಾ ಹೋದ್ರೆ ಆ ಅವಕಾಶನೇ ಇರಲ್ಲ.

ನೀಲಿಕೊಡೆ

ನಾನು ಬೇರೆ ದಿಕ್ಕಿಂದ ಒಂದು ಪ್ರಶ್ನೆ ಕೇಳ್ತೀನಿ. ನಿಮ್ಗೆ ಮುಖ ಗುರುತು ಹಿಡಿಯೋದು ಕಷ್ಟನಾ?

ಯಾಕೆ ಕೇಳ್ದೆ ಅಂದ್ರೆ ನಾನು ಸುಮಾರು ವರ್ಷ ನನ್ ನೆನಪು ಸರಿಯಿಲ್ಲ ಅಂತಾನೇ ನಂಬಿದ್ದೆ. ಆಮೇಲೆ ಗೊತ್ತಾಗಿದ್ದು ನನ್ ಸಮಸ್ಯೆ ನೆನಪಿಂದಲ್ಲ, ಮುಖದ್ದು ಅಂತ. ಇಬ್ಬರು ಗಂಡಸರು ಇಬ್ಬರಿಗೂ ಗಡ್ಡ, ಇಬ್ಬರೂ ಕಪ್ಪು ಸೂಟು ಅಂದ್ರೆ ನಂಗೆ ಅವರಿಬ್ಬರೂ ಒಬ್ಬನೇ. ಒಂದು ಹೆಂಗಸು ಕೂದಲು ಕಟ್ಟಿದ್ದವಳು ಮುಂದಿನ ಸೀನಲ್ಲಿ ಬಿಚ್ಚಿಕೊಂಡು ಬಂದ್ರೆ ಹೊಸ ಪಾತ್ರ ಬಂತು ಅಂದ್ಕೋತಿದ್ದೆ. ಹಿಂಗಿದ್ರೆ ಕಥೆ ಅರ್ಥನೇ ಆಗಿರಲ್ಲ, ಅರ್ಥ ಆಗದೇ ಇರೋದು ನೆನಪಿಗೆ ಹೋಗೋದಾದ್ರೂ ಹೆಂಗೆ? ಪಕ್ಕದಲ್ಲಿ ಕೂತೋರ ಹತ್ರ ಇವನ್ಯಾರು ಇವನ್ಯಾರು ಅಂತ ಕೇಳಿ ಬೈಸ್ಕೊಂಡು ಆಮೇಲೆ ಕೇಳೋದೇ ಬಿಟ್ಟೆ, ಸುಮ್ನೆ ಅರ್ಥ ಆದಂಗೆ ಕೂತಿರ್ತಿದ್ದೆ. ಆ ಒಂಟಿತನ ನಂಗೆ ಚೆನ್ನಾಗಿ ಗೊತ್ತು.

ಇದಕ್ಕೆ ಪ್ರೊಸೊಪಾಗ್ನೋಸಿಯಾ ಅಂತಾರೆ, ಹುಟ್ಟಿನಿಂದಲೇ ಬಂದಿರಬಹುದು, ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಅವರಿಗೇ ಇತ್ತು, ಕನ್ನಡಿಯಲ್ಲಿ ಕಂಡ ತನ್ನದೇ ಗಡ್ಡದ ಮುಖನ ಬೇರೆ ಯಾರೋ ಅಂದ್ಕೊಂಡು ಕ್ಷಮೆ ಕೇಳಿದ್ದನ್ನ ಅವರೇ ಬರ್ಕೊಂಡಿದಾರೆ. ಅದನ್ನ ಓದಿದ ದಿನ ನಾನು ಅತ್ತುಬಿಟ್ಟೆ, ಬೇರೆಯೋರಿಗೂ ಇದೆ ಅಂತ ಗೊತ್ತಾಯ್ತಲ್ಲ ಅಂತ.

ಈಗ ನಾನು ಮಾಡೋದು ಏನಂದ್ರೆ ಸಬ್‌ಟೈಟಲ್ ಯಾವಾಗ್ಲೂ ಆನ್, ಯಾಕಂದ್ರೆ ಮಾತಾಡ್ತಾ ಇರೋರ ಹೆಸರು ಎಷ್ಟೋ ಸಲ ಅದರಲ್ಲಿ ಕಾಣುತ್ತೆ. ದನಿ ಮತ್ತೆ ನಡಿಗೆ ಹಿಡ್ಕೋತೀನಿ. ಮೊದಲ ಎಪಿಸೋಡ್ ಮುಗಿದ ತಕ್ಷಣ ಪಾತ್ರಗಳ ಪಟ್ಟಿ ಫೋಟೋ ಜೊತೆ ಒಂದ್ಸಲ ನೋಡ್ಕೋತೀನಿ. ಈಗ ನಂಗೆ ಕಥೆ ನೆನಪಿರುತ್ತೆ, ನಿಜವಾಗ್ಲೂ.

ಸಂಜೆಮೋಡ

ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೆದಿದೀರ, ಥ್ಯಾಂಕ್ಸ್. ನೀಲಿಕೊಡೆ ಅವರೇ, ಮುಖ ಗುರುತು ನಂಗೆ ಚೆನ್ನಾಗಿದೆ, ಶಾಲೇಲಿ ಜೊತೆಗಿದ್ದೋರನ್ನ ಇಪ್ಪತ್ತು ವರ್ಷ ಆದ್ಮೇಲೂ ಹಿಡೀತೀನಿ. ಪಾತ್ರಗಳ ಹೆಸರು ಮಾತ್ರ ಒಂದೂ ಬರಲ್ಲ, ಸೀರೀಸ್ ನಡೀತಿರುವಾಗ್ಲೂ ಆ ಉದ್ದ ಕೂದಲಿನವನು, ಆ ಪೊಲೀಸ್ ಅಂತಾನೇ ಹೇಳೋದು.

ಕಿಟಕಿಪಕ್ಕ ಸರ್, ಹೌದು, ನಾನು ಒಂದೇ ಸಮನೆ ನೋಡೋದು. ಮಗು ಮಲಗಿದ್ಮೇಲೆ ಹತ್ತೂವರೆಗೆ ಶುರು ಮಾಡ್ತೀನಿ, ಮೂರು ನಾಲ್ಕು ಎಪಿಸೋಡ್ ಆಗುತ್ತೆ, ಅದರ ಮಧ್ಯೆ ಫೋನಲ್ಲಿ ಮೆಸೇಜ್ ನೋಡ್ತೀನಿ, ಬಟ್ಟೆ ಮಡಿಸ್ತೀನಿ, ಕೊನೇ ಎಪಿಸೋಡ್ ಹೊತ್ತಿಗೆ ಕಣ್ಣು ಎಳೀತಿರುತ್ತೆ. ದಿನಾ ಐದು ಗಂಟೆ ನಿದ್ದೆ ಆಗ್ಬಹುದು ಅಷ್ಟೇ. ನನ್ ತಮ್ಮ ಹೌದು, ಸಿನಿಮಾ ನೋಡಿ ಬಂದ್ರೆ ಒಂದು ವಾರ ಅದೇ ಮಾತು, ಅಮ್ಮನಿಗೆ ಇಡೀ ಕಥೆ ಅಭಿನಯ ಮಾಡಿ ತೋರಿಸ್ತಿದ್ದ. ನಾನು ಆಗ್ಲೂ ಸುಮ್ನೆ ಕೇಳ್ಕೊಂಡು ಕೂತಿರ್ತಿದ್ದೆ. ಇದನ್ನ ನಾನು ಯಾವತ್ತೂ ಯೋಚನೆನೇ ಮಾಡಿರಲಿಲ್ಲ.

ಗಾಳಿಪಟ_72

ಉತ್ತರ ಸಿಕ್ತಲ್ಲ. ಫೋನ್ ಪಕ್ಕದ ರೂಮಲ್ಲಿಡಿ, ಎಲ್ಲಾ ಸರಿಹೋಗುತ್ತೆ. ಗಮನ ಇಲ್ಲದೆ ನೋಡಿದ್ರೆ ಯಾರಿಗೂ ನೆನಪಿರಲ್ಲ.

ಹಳೇರೀಲು

ಗಾಳಿಪಟ ಅವರೇ, ಅಷ್ಟು ಸುಲಭ ಅಲ್ಲ. ನಾನು ಮರೀತಿದ್ದ ಕಾಲದಲ್ಲಿ ಕೈಯಲ್ಲಿ ಫೋನೇ ಇರಲಿಲ್ಲ, ಥಿಯೇಟರಿನ ಕತ್ತಲಲ್ಲಿ ರೆಪ್ಪೆ ಬಡೀದೆ ನೋಡಿದ್ದೂ ಆರು ತಿಂಗಳಿಗೆ ಹೋಗಿರ್ತಿತ್ತು. ಗಮನ ಬೇಕು, ಒಪ್ತೀನಿ, ಎರಡು ಕಡೆ ಮನಸ್ಸು ಹಂಚಿದ್ರೆ ಒಳಗೆ ಹೋಗೋದೇ ಕಮ್ಮಿ. ಆದ್ರೆ ಮನುಷ್ಯರಿಂದ ಮನುಷ್ಯರಿಗೆ ವ್ಯತ್ಯಾಸ ಇದ್ದೇ ಇದೆ. ಕೆಲವರಿಗೆ ರಾಗ ನಿಲ್ಲುತ್ತೆ, ಕೆಲವರಿಗೆ ದಾರಿ ನಿಲ್ಲುತ್ತೆ. ನೀವು ಗಮನ ಕೊಡ್ಲಿಲ್ಲ ಅಂತ ಹೇಳಿಸ್ಕೊಂಡು ಹೇಳಿಸ್ಕೊಂಡು ನಂಗೆ ಸಾಕಾಗಿದೆ, ಅದಕ್ಕೆ ಹೇಳ್ದೆ, ಬೇಜಾರು ಮಾಡ್ಕೋಬೇಡಿ.

ಬಿಳಿಪಾರಿವಾಳ

ನಾನು ನರ್ಸ್, ವಯಸ್ಸಾದವರ ವಾರ್ಡಲ್ಲಿ ಸುಮಾರು ವರ್ಷ ಕೆಲಸ ಮಾಡಿದೀನಿ. ಕಾಯಿಲೆನಾ ಅನ್ನೋ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೀತಿದೀನಿ.

ಸಂಜೆಮೋಡ, ನೀವು ಹೇಳಿದ್ರಲ್ಲಿ ನಂಗೆ ಸಮಾಧಾನ ಕೊಟ್ಟಿದ್ದು ಆ ಖಾಲಿ ಕುರ್ಚಿ. ಆ ಸೀನ್ ಕಂಡ ತಕ್ಷಣ ನೋಡಿದೀನಿ ಅಂತ ನಿಮ್ಗೇ ಹೊಳೀತು. ಅಂದ್ರೆ ಒಳಗೆ ಏನೋ ಉಳಿದಿದೆ, ಕರೆದಾಗ ಬರ್ತಿಲ್ಲ ಅಷ್ಟೇ, ಸುಳಿವು ಸಿಕ್ಕರೆ ಬರುತ್ತೆ. ನಾವು ಭಯಪಡೋ ಮರೆವು ಬೇರೆ ಥರ ಇರುತ್ತೆ. ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳೋದು, ಕೇಳಿದ್ದೆ ಅಂತ ನೆನಪಿಸಿದ್ರೂ ಗೊತ್ತಾಗದೇ ಇರೋದು, ದಿನಾ ಓಡಾಡೋ ದಾರೀಲಿ ದಿಕ್ಕು ತಪ್ಪೋದು, ವರ್ಷಗಟ್ಟಲೆ ಮಾಡ್ತಿರೋ ಕೆಲಸದ ಕ್ರಮ ಮರೆಯೋದು. ಎಷ್ಟೋ ಸಲ ಅದು ಆ ಮನುಷ್ಯರಿಗಿಂತ ಮೊದಲು ಮನೆಯೋರಿಗೆ ಕಾಣುತ್ತೆ. ಮತ್ತೆ ಅದು ಸಿನಿಮಾ ಒಂದಕ್ಕೇ ನಿಲ್ಲಲ್ಲ. ಮೊದಲು ಹೀಗಿರಲಿಲ್ಲ, ಈ ಆರು ತಿಂಗಳಲ್ಲಿ ಬದಲಾಯ್ತು ಅನ್ನೋ ಥರ ಇದ್ರೆ ಡಾಕ್ಟರ್ ಹತ್ರ ಹೋಗ್ಲೇಬೇಕು. ಚಿಕ್ಕ ವಯಸ್ಸಿಂದ ಹೀಗೇ ಇದ್ರೆ ಅದು ನಿಮ್ಮ ಸ್ವಭಾವ ಆಗಿರೋ ಸಾಧ್ಯತೆ ಜಾಸ್ತಿ.

ಆದ್ರೂ ನೀವು ಐದು ಗಂಟೆ ನಿದ್ದೆ ಅಂದಿದ್ದು ನಂಗೆ ಇಷ್ಟ ಆಗಲಿಲ್ಲ. ಹಗಲು ಕಂಡಿದ್ದು ಕೇಳಿದ್ದು ಮೆದುಳಲ್ಲಿ ಗಟ್ಟಿ ಆಗೋ ಕೆಲಸದಲ್ಲಿ ದೊಡ್ಡ ಪಾಲು ನಿದ್ದೇದು, ಅದನ್ನೇ ಕತ್ತರಿಸಿದ್ರೆ ಹೇಗೆ? ಜೊತೆಗೆ ವಿಟಮಿನ್ ಬಿ12 ಕಮ್ಮಿ ಇದ್ರೆ, ಥೈರಾಯ್ಡ್ ಸರಿಯಿಲ್ದಿದ್ರೆ, ಮನಸ್ಸು ಬಹಳ ದಿನದಿಂದ ಕುಗ್ಗಿದ್ರೆ, ನಿದ್ದೇಲಿ ಉಸಿರು ಕಟ್ಟೋ ತೊಂದ್ರೆ ಇದ್ರೆ ನೆನಪು ಮಂಕಾಗುತ್ತೆ, ಇವೆಲ್ಲಕ್ಕೂ ಚಿಕಿತ್ಸೆ ಇದೆ. ಕೆಲವು ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆಗಳಿಂದಲೂ ಆಗುತ್ತೆ. ಒಂದು ರಕ್ತಪರೀಕ್ಷೆ ಮಾಡಿಸಿಬಿಡಿ, ಹೆದರಿಕೆಯಿಂದಲ್ಲ, ಮನಸ್ಸಿಗೆ ನೆಮ್ಮದಿ ಆಗ್ಲಿ ಅಂತ. ಮಗು ಮಲಗಿದ್ಮೇಲೆ ಸಿಗೋ ಆ ಹೊತ್ತು ನಿಮ್ದೇ ಅನ್ನೋದು ನಂಗೂ ಗೊತ್ತಮ್ಮ, ಅದನ್ನ ಬಿಡಿ ಅಂತ ಹೇಳಲ್ಲ, ನಾಲ್ಕರ ಬದಲು ಒಂದು ನೋಡಿ.

ತೆರೆಯಂಚು

ನಾನು ಸಬ್‌ಟೈಟಲ್ ಬರೆಯೋ ಕೆಲಸ ಮಾಡ್ತೀನಿ. ಒಂದೊಂದು ಸಿನಿಮಾನ ಮೂರು ನಾಲ್ಕು ಸಲ ನೋಡ್ತೀನಿ, ಒಂದೊಂದು ಮಾತೂ ಬರೀತೀನಿ, ಆದ್ರೂ ಮೊದಮೊದಲು ಆರು ತಿಂಗಳಾದ್ಮೇಲೆ ಯಾರಾದ್ರೂ ಕಥೆ ಏನು ಅಂದ್ರೆ ತಡಬಡಾಯಿಸ್ತಿದ್ದೆ. ಅಂದ್ರೆ ಬರೀ ಗಮನ, ಬರೀ ಪದೇ ಪದೇ ನೋಡೋದು ಸಾಲಲ್ಲ. ನಂಗೆ ಉಪಯೋಗಕ್ಕೆ ಬಂದಿದ್ದನ್ನ ಹೇಳ್ತೀನಿ.

ನಾವು ಕಥೆ ಹೇಳುವಾಗ ಸಾಮಾನ್ಯವಾಗಿ ಆಮೇಲೆ ಆಮೇಲೆ ಅಂತ ಪೋಣಿಸ್ತೀವಿ. ಅವನು ಊರಿಗೆ ಬಂದ, ಆಮೇಲೆ ಅವಳನ್ನ ನೋಡಿದ, ಆಮೇಲೆ ಬೆಂಕಿ ಬಿತ್ತು, ಆಮೇಲೆ ಕೇಸಾಯ್ತು. ಹಿಂಗೆ ಪೋಣಿಸಿದ್ದು ಉದುರಿ ಹೋಗುತ್ತೆ, ಒಂದಕ್ಕೊಂದು ಹಿಡಿತ ಇಲ್ವಲ್ಲ. ‘ಆಮೇಲೆ’ ಅನ್ನೋ ಪದಾನೇ ಬಿಟ್ಟು, ‘ಅದಕ್ಕೆ’ ಮತ್ತೆ ‘ಆದ್ರೆ’, ಈ ಎರಡೇ ಪದದಲ್ಲಿ ಕಥೆ ಹೇಳೋಕೆ ನೋಡಿ. ಅವನಿಗೆ ಅಪ್ಪನ ಮನೆ ವಾಪಸ್ ಬೇಕಿತ್ತು, ಅದಕ್ಕೆ ಊರಿಗೆ ಬಂದ, ಆದ್ರೆ ಆ ಮನೇಲಿ ಅವಳಿದ್ಲು, ಅದಕ್ಕೆ ಅವಳ ಸ್ನೇಹ ಮಾಡಿದ, ಆದ್ರೆ ನಿಜವಾಗ್ಲೂ ಪ್ರೀತಿ ಹುಟ್ಟಿಬಿಡ್ತು, ಅದಕ್ಕೆ ಬೆಂಕಿ ಹಚ್ಚೋಕೆ ಬಂದವನನ್ನ ಇವನೇ ತಡೆದ. ನೋಡಿ, ಈಗ ಒಂದು ಕೊಂಡಿ ಹಿಡಿದು ಎಳೆದ್ರೆ ಇನ್ನೊಂದು ಬರುತ್ತೆ. ಇದು ನನ್ನ ಅನುಭವ ಮಾತ್ರ ಅಲ್ಲ, ಟಾಮ್ ಟ್ರಬಾಸೋ ಅನ್ನೋ ಮನಶ್ಶಾಸ್ತ್ರಜ್ಞರು ತಮ್ಮ ಸಹೋದ್ಯೋಗಿಯ ಜೊತೆ 1985ರಲ್ಲೇ ತೋರಿಸಿದಾರೆ, ಕಥೆಯಲ್ಲಿ ಯಾವ ಘಟನೆಗೆ ಬೇರೆ ಘಟನೆಗಳ ಜೊತೆ ಕಾರಣದ ಸಂಬಂಧ ಜಾಸ್ತಿ ಇರುತ್ತೋ ಅದೇ ಜನರಿಗೆ ಜಾಸ್ತಿ ನೆನಪಿರೋದು. ಕಾರಣ ಇಲ್ಲದೆ ಸುಮ್ನೆ ಪಕ್ಕದಲ್ಲಿ ನಿಂತಿರೋ ಘಟನೆಗಳು ಮೊದಲು ಹೋಗ್ತವೆ.

ಹೆಸರಿನ ಬಗ್ಗೆ ತಲೆ ಕೆಡಿಸ್ಕೋಬೇಡಿ. ಹೆಸರಿಗೆ ಅರ್ಥ ಇಲ್ಲ, ಅದು ನಿಲ್ಲೋದು ಎಲ್ರಿಗೂ ಕಷ್ಟ. ಅದರ ಬದಲು ಪ್ರತಿ ಪಾತ್ರಕ್ಕೂ ಏನು ಬೇಕು ಅಂತ ಹಿಡ್ಕೊಳ್ಳಿ. ತಮ್ಮನನ್ನ ಹುಡುಕ್ತಿರೋ ಅಕ್ಕ, ಬಡ್ತಿ ಬೇಕಾಗಿರೋ ಪೊಲೀಸು, ಸತ್ಯ ಮುಚ್ಚಿಡಬೇಕಾಗಿರೋ ಡಾಕ್ಟ್ರು. ಹೊಸ ಸೀಸನ್ ಬಂದಾಗ ಈ ಬೇಕುಗಳು ನೆನಪಿದ್ರೆ ಸಾಕು, ಉಳಿದಿದ್ದು ತಾನೇ ಬರುತ್ತೆ.

ಮತ್ತೆ ಒಂದು ಮುಖ್ಯ, ನೋಡಿದ ಮಾರನೇ ದಿನ ಇದನ್ನ ಮಾಡಿ, ಆ ರಾತ್ರಿನೇ ಬೇಡ, ಮತ್ತೆ ಯಾವ ಸಾರಾಂಶನೂ ಓದ್ಬೇಡಿ, ತಲೆಯಿಂದಲೇ ತೆಗೀರಿ. ತಡವರಿಸಿದ್ರೂ ಪರವಾಗಿಲ್ಲ.

ಕಿಟಕಿಪಕ್ಕ

ತೆರೆಯಂಚು ಅವರ ಕೊನೇ ಮಾತು ಬಹಳ ಮುಖ್ಯ. 2006ರಲ್ಲಿ ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಬರಹ ಓದಿಸಿದ್ರು. ಕೆಲವರಿಗೆ ಅದನ್ನೇ ಮತ್ತೆ ಓದೋಕೆ ಕೊಟ್ರು, ಕೆಲವರಿಗೆ ಓದಿದ್ದನ್ನ ನೋಡದೆ ಬರೀರಿ ಅಂದ್ರು. ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಓದಿದೋರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಬರೆದಿದ್ದೋರು ಚೆನ್ನಾಗಿ ಮುಂದೆ ಹೋಗಿದ್ರು. ಹೊಸ ಸೀಸನ್‌ಗೆ ಮುಂಚೆ ಹಿಂದಿನದರ ಸಾರಾಂಶ ವಿಡಿಯೋ ನೋಡೋದು ತಪ್ಪಲ್ಲ, ಆದ್ರೆ ಅದಕ್ಕೂ ಮೊದಲು ಐದು ನಿಮಿಷ ನೀವೇ ತಿಣುಕಿ ನೋಡಿ, ಆಮೇಲೆ ವಿಡಿಯೋ ನೋಡಿದ್ರೆ ಅದು ಹೋಗಿ ಕೂರೋದೇ ಬೇರೆ ಥರ.

ಮೌನಹಕ್ಕಿ

ನಾನು ಉಪಾಯ ಏನೂ ಹೇಳಲ್ಲ. ನೋಡಿ ಏನು ಪ್ರಯೋಜನ ಅಂತ ಕೇಳಿದ್ರಲ್ಲ, ಅದಕ್ಕೆ ಬರೀತಿದೀನಿ, ಆ ಸಾಲು ಓದಿ ಸುಮ್ನೆ ಹೋಗೋಕೆ ಆಗಲಿಲ್ಲ.

ನಮ್ಮಪ್ಪನಿಗೆ ಮೆದುಳಿನ ಸೋಂಕು ಬಂದು ವಾಸಿ ಆದ್ಮೇಲೆ ಹೊಸ ನೆನಪು ಕೂರೋದೇ ನಿಂತುಹೋಯ್ತು. ಹಳೇದೆಲ್ಲ ಗೊತ್ತು, ನಮ್ಮನ್ನೆಲ್ಲ ಗುರುತು ಹಿಡೀತಿದ್ರು, ಆದ್ರೆ ಬೆಳಿಗ್ಗೆ ನಡೆದಿದ್ದು ಮಧ್ಯಾಹ್ನಕ್ಕೆ ಇರ್ತಿರಲಿಲ್ಲ. ಸಂಜೆ ಹೊತ್ತು ನಾನು ಅವರ ಜೊತೆ ಕೂತು ಸಿನಿಮಾ ಹಾಕ್ತಿದ್ದೆ. ಮೊದಮೊದಲು ಅಣ್ಣ, ಯಾಕೆ ಹಾಕ್ತೀಯ ಅವರಿಗೆ ಏನೂ ಉಳಿಯಲ್ಲ ಅಂತಿದ್ದ. ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಗಮನಿಸ್ತಾ ಹೋದಂಗೆ ಒಂದು ಕಾಣಿಸ್ತು. ನಗೋ ಸಿನಿಮಾ ನೋಡಿದ ಸಂಜೆ, ಅದು ಮುಗಿದು ಸಿನಿಮಾ ನೋಡಿದ್ದೇ ಅವರಿಗೆ ಮರೆತುಹೋಗಿದ್ರೂ, ಮುಖ ಹಗುರ ಇರ್ತಿತ್ತು, ಯಾಕೆ ಅಂತ ಗೊತ್ತಿಲ್ಲದೆ ಹಾಡು ಗುನುಗ್ತಿದ್ರು. ಒಂದ್ಸಲ ತಿಳೀದೆ ಬಹಳ ದುಃಖದ್ದು ಹಾಕ್ಬಿಟ್ಟೆ, ಏನಾಯ್ತಪ್ಪ ಅಂದ್ರೆ ಏನಿಲ್ಲ ಅಂತಾರೆ, ಆದ್ರೆ ಆವತ್ತು ರಾತ್ರಿ ಮಲಗೋವರೆಗೂ ನನ್ ಕೈ ಬಿಡಲಿಲ್ಲ.

ಆಮೇಲೆ ಓದಿದೆ, ಅಮೆರಿಕದ ಐಯೋವಾ ಯೂನಿವರ್ಸಿಟಿಯವರು ಇದನ್ನೇ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟ ಮಾಡಿದಾರೆ. ಹಿಪೊಕ್ಯಾಂಪಸ್ ಅಂತ ಮೆದುಳಲ್ಲಿ ಒಂದು ಭಾಗ ಇದೆ, ಹೊಸ ನೆನಪಿಗೆ ಅದು ಬೇಕೇ ಬೇಕು, ಅದು ಹಾಳಾಗಿದ್ದ ಐದು ಜನರಿಗೆ ದುಃಖದ ಸಿನಿಮಾ ತುಣುಕುಗಳನ್ನೂ ಖುಷಿಯವನ್ನೂ ತೋರಿಸಿದ್ರು. ಸ್ವಲ್ಪ ಹೊತ್ತಿಗೆ ಏನು ನೋಡಿದ್ವಿ ಅನ್ನೋದು ಅವರಿಗೆ ಹೆಚ್ಚೂಕಮ್ಮಿ ಹೋಗಿತ್ತು. ದುಃಖ ಮತ್ತೆ ಖುಷಿ ಮಾತ್ರ ಹೋಗಿರಲಿಲ್ಲ.

ಆಮೇಲಿಂದ ಅಣ್ಣನೂ ಬಂದು ಕೂರ್ತಿದ್ದ. ಅಪ್ಪ ಹೋಗಿ ಮೂರು ವರ್ಷ ಆಯ್ತು. ನಾವು ನೋಡಿದ್ದ ಆ ಸಿನಿಮಾಗಳ ಕಥೆ ಈಗ ನಂಗೂ ಪೂರ್ತಿ ನೆನಪಿಲ್ಲ.

ಗಾಳಿಪಟ_72

ಮೌನಹಕ್ಕಿ ಅವರೇ, ಓದಿ ಕಣ್ಣು ತುಂಬ್ತು. ಹಳೇರೀಲು ಸರ್, ನಾನು ಮೇಲೆ ಅವಸರದಲ್ಲಿ ಹೇಳ್ದೆ, ಕ್ಷಮಿಸಿ.

ಸಂಜೆಮೋಡ

ಮೂರು ವಾರ ಆದ್ಮೇಲೆ ಬಂದಿದೀನಿ, ಆಗಿದ್ದು ಹೇಳ್ತೀನಿ ಅಂತ.

ಮೌನಹಕ್ಕಿ, ನಿಮ್ಮದನ್ನ ಗಂಡನಿಗೆ ಓದಿ ಹೇಳಿದೆ, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಿಳಿಪಾರಿವಾಳ ಅಕ್ಕ, ರಕ್ತಪರೀಕ್ಷೆ ಮಾಡಿಸಿದೆ, ಬಿ12 ಕಮ್ಮಿ ಇತ್ತು, ಡಾಕ್ಟ್ರು ಮಾತ್ರೆ ಕೊಟ್ಟಿದಾರೆ, ಉಳಿದಿದ್ದೆಲ್ಲ ಸರಿ ಇದೆ. ಚಿಕ್ಕ ವಯಸ್ಸಿಂದ ಹೀಗೇ ಇದೀನಿ ಅಂದ್ರೆ ಕಥೆ ಮರೆಯೋದಕ್ಕೆಲ್ಲ ಅದೇ ಕಾರಣ ಅನ್ನೋಕಾಗಲ್ಲ ಅಂದ್ರು, ಆದ್ರೂ ಹೋಗಿದ್ದು ಒಳ್ಳೇದೇ ಆಯ್ತು. ಹನ್ನೊಂದೂವರೆಗೆ ಮಲಗ್ತಿದೀನಿ ಈಗ.

ತೆರೆಯಂಚು ಅವರ ‘ಅದಕ್ಕೆ’, ‘ಆದ್ರೆ’ ಉಪಾಯ ಶುರು ಮಾಡಿದೆ. ಮೊದಲ ದಿನ ಮೂರನೇ ವಾಕ್ಯಕ್ಕೇ ನಿಂತುಹೋದೆ, ಅವಳು ಯಾಕೆ ಆ ಪತ್ರ ಸುಟ್ಟಳು ಅಂತ ಗೊತ್ತಾಗಲಿಲ್ಲ. ನೆನಪಿಲ್ಲ ಅಂದ್ಕೊಂಡೆ, ಆದ್ರೆ ಸರಿಯಾಗಿ ಯೋಚನೆ ಮಾಡಿದ್ರೆ ನೋಡುವಾಗ್ಲೇ ನಂಗದು ಅರ್ಥ ಆಗಿರಲಿಲ್ಲ, ಅರ್ಥ ಆಗದೇ ಇದ್ರೂ ಸುಮ್ನೆ ಮುಂದಕ್ಕೆ ಹೋಗಿದ್ದೆ. ಇದು ನಂಗೆ ದೊಡ್ಡ ವಿಷಯ, ಇಷ್ಟು ವರ್ಷ ಮರೆವು ಅಂತ ಬೈಕೊಂಡಿದ್ರಲ್ಲಿ ಎಷ್ಟೋ ಇಂಥದ್ದೇ ಇರ್ಬೇಕು. ಗಂಡನ್ನ ಕೇಳಿದೆ, ಅವರು ಪತ್ರದಲ್ಲಿ ಅವಳ ಅಣ್ಣನ ಹೆಸರಿತ್ತು ಅದಕ್ಕೆ ಅಂದ್ರು. ನಾನು ಅಣ್ಣ ಅಲ್ಲ ಗಂಡನ ಹೆಸರು ಅಂದೆ. ವಾಪಸ್ ಹಾಕಿ ನೋಡಿದ್ರೆ ಪತ್ರದಲ್ಲಿ ಹೆಸರೇ ಇಲ್ಲ, ಬರೀ ಒಂದು ತಾರೀಖು. ಅಷ್ಟು ಖಚಿತವಾಗಿ ಹೇಳಿದ್ರಲ್ಲ ಅವರು!

ಕಿಟಕಿಪಕ್ಕ

ಮಧ್ಯೆ ಬಾಯಿ ಹಾಕ್ತೀನಿ, ಇದು ಬಹಳ ಚೆನ್ನಾಗಿದೆ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಬರೆದಿದ್ದು ಇದೇ. ಓದೋರಿಗೆ ಪರಿಚಯ ಇಲ್ಲದ ಜನಪದ ಕಥೆಯೊಂದನ್ನ ಓದಿಸಿ, ದಿನಗಳು ವಾರಗಳು ಬಿಟ್ಟು ಹೇಳಿಸಿದ್ರೆ, ವಿಚಿತ್ರ ಅನ್ನಿಸಿದ ಭಾಗಗಳು ಬಿಟ್ಟುಹೋಗ್ತಿದ್ವು, ಉಳಿದಿದ್ದು ತಮಗೆ ಗೊತ್ತಿರೋದಕ್ಕೆ ತಿರುಗ್ತಿತ್ತು, ಸೀಲ್ ಅನ್ನೋ ಸಮುದ್ರಪ್ರಾಣಿಯ ಬೇಟೆ ಮೀನು ಹಿಡಿಯೋದು ಆಗ್ಬಿಡ್ತಿತ್ತು. ಹೇಳೋರಿಗೆ ಅದು ತಾವು ಸೇರಿಸಿದ್ದು ಅಂತ ಗೊತ್ತೇ ಆಗ್ತಿರಲಿಲ್ಲ. ಅಚ್ಚುಕಟ್ಟಾಗಿ ಕಥೆ ಹೇಳೋರೆಲ್ಲ ಸರಿಯಾಗೇ ಹೇಳ್ತಿದಾರೆ ಅಂತಲ್ಲ. ನಿಮ್ಮ ತಮ್ಮ ಹೇಳೋದನ್ನೂ ಒಂದ್ಸಲ ಸಿನಿಮಾ ಹಾಕಿ ಪರೀಕ್ಷೆ ಮಾಡಿ.

ಸಂಜೆಮೋಡ

ಮಾಡ್ತೀನಿ ಸರ್, ಮುಂದಿನ ಸಲ ಅವನು ಬಂದಾಗ.

ಆ ಕೊಲೆ ಕೇಸಿನ ಸೀರೀಸ್ ಇದೆಯಲ್ಲ, ಅದನ್ನ ಮೊದಲಿಂದ ಮತ್ತೆ ಶುರು ಮಾಡಿದೀನಿ, ವಾರಕ್ಕೆ ಎರಡೇ, ಫೋನ್ ರೂಮಲ್ಲಿಟ್ಟು. ಮಾರನೇ ದಿನ ತಮ್ಮನಿಗೆ ಫೋನ್ ಮಾಡಿ ಕಥೆ ಹೇಳ್ತೀನಿ, ಅವನು ನೋಡಿಲ್ಲ ಇದನ್ನ, ಅವನೇ ಈಗ ಆಮೇಲೇನಾಯ್ತು ಅಂತ ಕೇಳ್ತಿದಾನೆ. ಎರಡನೇ ಎಪಿಸೋಡ್ ಕೊನೇಲಿ ಆ ಹಳದಿ ಕೋಟಿನ ಹುಡುಗಿ ಬಂದ್ಲು. ಬಾಗಿಲು ತೆಗೆದು ಒಳಗೆ ಬಂದಿದ್ದಷ್ಟೇ, ಇನ್ನೂ ಏನೂ ಆಗಿಲ್ಲ, ಒಂದು ಮಾತೂ ಆಡಿಲ್ಲ, ನನ್ ಎದೆ ಡವಗುಟ್ಟೋಕೆ ಶುರುವಾಯ್ತು, ಒಳಗೆ ಹೋಗ್ಬೇಡ ಅಂತ ಕೂಗ್ಬೇಕು ಅನ್ನಿಸ್ತು. ಯಾಕೆ ಅಂತ ನಂಗಿನ್ನೂ ಗೊತ್ತಿಲ್ಲ. ಮೂರನೇ ಎಪಿಸೋಡ್ ಗುರುವಾರ ನೋಡ್ತೀನಿ.